ಐದು ಅಕ್ಷರದ ಬ್ಯಾಂಕು

ಯುಕೆಜಿ ಓದುವ ಮೊಮ್ಮಗಳು ಪುಸ್ತಕ ಕಂಡರೆ ಅಳುತ್ತಿದ್ದಳು. 49 ಅಕ್ಷರಗಳನ್ನೂ ಕೂರಿಸಿ ಬಾಯಿಪಾಠ ಮಾಡಿಸಿದ್ದು ನನ್ನದೇ ತಪ್ಪು. ಸರ್ಕಾರಿ ಶಾಲೆಯ ನಲಿಕಲಿ ತರಗತಿಯಲ್ಲಿ ಮೊದಲು ರ, ಗ, ಸ, ದ, ಅ ಕಲಿಸುವುದು ನೆನಪಾಯಿತು. ಹಳೇ ರಟ್ಟು ಕತ್ತರಿಸಿ, ಒಂದೊಂದು ಅಕ್ಷರಕ್ಕೂ ಮೂರು ಚೀಟಿ ಬರೆದೆ.

ಆಟ ಬ್ಯಾಂಕಿನದು, ನಾನು ಕ್ಯಾಷಿಯರ್. ಅವಳು ಅಕ್ಷರದ ಸದ್ದು ಹೇಳಿದರೆ ಚೀಟಿ ಕೊಡುತ್ತೇನೆ. ಎರಡು ಸೇರಿದರೆ 'ಸರ', ಮೂರಕ್ಕೆ 'ಅರಸ', ನಾಲ್ಕಕ್ಕೆ 'ಗರಗಸ'. ಓದಿದ ಪದಕ್ಕೊಂದು ಹುಣಸೆಬೀಜ ಅವಳ ಖಾತೆಗೆ ಜಮಾ. ತಪ್ಪಿದರೆ ದಂಡವಿಲ್ಲ.

ಮೊನ್ನೆ ಅವಳು ಕ್ಯಾಷಿಯರ್, ನಾನು ಗಿರಾಕಿ. 'ಅಗಸ' ಎನ್ನುತ್ತಾ ಬೇಕೆಂದೇ 'ಅರಸ' ಜೋಡಿಸಿದೆ. "ತಾತಾ, ಅದು ಅರಸ! ನಿಂಗೆ ಬೀಜ ಇಲ್ಲ" ಅಂದಳು.

ಮಕ್ಕಳೇ, ತಮ್ಮ ತಂಗಿಯರಿಗೆ ಈ ಬ್ಯಾಂಕು ತೆರೆಯಿರಿ. ತಾತಂದಿರೇ, ಆಗಾಗ ಸೋಲಿ.