ಕೇಳಿಸದ ಹೆಜ್ಜೆ ಸದ್ದು

ಕೊಲೆ ಮಾಡಿದ್ದು ಯಾರು ಎಂದು ಮೊದಲ ಕೆಲವೇ ನಿಮಿಷಗಳಲ್ಲಿ ಗೊತ್ತಾಗಿಬಿಟ್ಟರೆ ಆ ಥ್ರಿಲ್ಲರ್‌ನಲ್ಲಿ ನೋಡುವುದಕ್ಕೆ ಏನು ಉಳಿಯುತ್ತದೆ? ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಲ್ಯಾಪ್‌ಟಾಪ್‌ನಲ್ಲಿ ‘ಡಬಲ್ ಇಂಡೆಮ್ನಿಟಿ’ ಹಾಕಿದಾಗ ನಾನು ಕೇಳಿದ್ದು ಇದನ್ನೇ. ಬಿಲ್ಲಿ ವೈಲ್ಡರ್ ನಿರ್ದೇಶಿಸಿದ, 1944ರ ಕಪ್ಪು ಬಿಳುಪು ಹಾಲಿವುಡ್ ಸಿನಿಮಾ. ಹತ್ತು ನಿಮಿಷ ನೋಡಿ ಮಲಗೋಣ ಎಂದುಕೊಂಡವಳು ಮುಗಿಯುವವರೆಗೂ ಏಳಲಿಲ್ಲ.

ರಾತ್ರಿ ಹೊತ್ತು, ಲಾಸ್ ಏಂಜಲೀಸ್‌ನ ಒಂದು ಇನ್ಶೂರೆನ್ಸ್ ಆಫೀಸು. ಗುಂಡೇಟು ತಿಂದ ಸೇಲ್ಸ್‌ಮನ್ ವಾಲ್ಟರ್ ನೆಫ್ ಒಳಗೆ ಬಂದು, ಮಾತು ರೆಕಾರ್ಡ್ ಮಾಡುವ ಡಿಕ್ಟಾಫೋನ್ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಫಿಲಿಸ್ ಎಂಬಾಕೆಗೆ ಗಂಡನ ಹೆಸರಲ್ಲಿ, ಅವನಿಗೇ ತಿಳಿಯದಂತೆ ಅಪಘಾತ ವಿಮೆ ಬೇಕು. ಮೊತ್ತ 50,000 ಡಾಲರ್. ಸಾವು ರೈಲಿನಲ್ಲಾದರೆ ಎರಡು ಪಟ್ಟು. ಸಿನಿಮಾದ ಹೆಸರು ಬಂದಿದ್ದು ಅಲ್ಲಿಂದಲೇ. ಇಬ್ಬರೂ ಸೇರಿ ಅವನನ್ನು ಕಾರಿನಲ್ಲಿ ಕೊಲ್ಲುತ್ತಾರೆ. ಕಾಲು ಮುರಿದುಕೊಂಡಿದ್ದ ಅವನಂತೆಯೇ ಊರುಗೋಲು ಹಿಡಿದು ರೈಲು ಹತ್ತುವ ನೆಫ್ ಹಿಂದಿನ ಬೋಗಿಯಿಂದ ಇಳಿದುಬಿಡುತ್ತಾನೆ. ಹೆಣ ಹಳಿಯ ಮೇಲೆ.

ಕೆಲಸ ಮುಗಿಸಿ ಹೊರಡುವಾಗ ಕಾರು ಸ್ಟಾರ್ಟ್ ಆಗುವುದಿಲ್ಲ. ‘ಅಯ್ಯೋ, ಸ್ಟಾರ್ಟ್ ಆಗಪ್ಪಾ’ ಎಂದು ನಾನೇ ಬೇಡಿಕೊಂಡೆ! ಕೊಲೆಗಾರರ ಪರವಾಗಿ ಪ್ರಾರ್ಥಿಸುತ್ತಿದ್ದೇನೆ ಎಂದು ಹೊಳೆದದ್ದು ಆಮೇಲೆ.

ಪ್ಲ್ಯಾನ್ ಎಲ್ಲೂ ತಪ್ಪಿಲ್ಲ. ಪೊಲೀಸರು ಬೆನ್ನು ಹತ್ತಿಲ್ಲ. ಆದರೂ ಅಂದು ರಾತ್ರಿ ರಸ್ತೆಯಲ್ಲಿ ನಡೆಯುವಾಗ ನೆಫ್‌ಗೆ ತನ್ನ ಹೆಜ್ಜೆ ಸದ್ದೇ ಕೇಳಿಸುವುದಿಲ್ಲ. ಸತ್ತವನು ನಡೆದಂತೆ ಅನ್ನಿಸುತ್ತದೆ.

ನಿಜವಾದ ಕಥೆ ಶುರುವಾಗುವುದು ಕ್ಲೇಮ್ಸ್ ಮ್ಯಾನೇಜರ್ ಕೀಸ್‌ನಿಂದ. ಸುಳ್ಳು ಕ್ಲೇಮ್ ಬಂದರೆ ಅವನಿಗೆ ಹೊಟ್ಟೆಯೊಳಗೇ ಸಂಕಟ ಶುರುವಾಗುತ್ತದೆ. ಅಪಘಾತ ವಿಮೆ ಇದ್ದವನು ಕಾಲು ಮುರಿದಾಗ ಯಾಕೆ ಕ್ಲೇಮ್ ಹಾಕಲಿಲ್ಲ? ಪಾಲಿಸಿ ಇರುವುದೇ ಅವನಿಗೆ ಗೊತ್ತಿರಲಿಲ್ಲವೇ? ಈ ಒಂದು ಪ್ರಶ್ನೆ ಹಿಡಿದು ಅವನು ಹತ್ತಿರ ಹತ್ತಿರ ಬರುತ್ತಾನೆ. ಎಡ್ವರ್ಡ್ ಜಿ. ರಾಬಿನ್ಸನ್ ಅಭಿನಯ ನೋಡಲಿಕ್ಕಾದರೂ ಈ ಸಿನಿಮಾ ನೋಡಬೇಕು. ತಮಾಷೆಯೆಂದರೆ ಕೀಸ್‌ಗೆ ನೆಫ್ ಅಂದರೆ ಪ್ರಾಣ. 50 ಡಾಲರ್ ಸಂಬಳ ಕಡಿಮೆಯಾದರೂ ಪರವಾಗಿಲ್ಲ, ನನ್ನ ಅಸಿಸ್ಟೆಂಟ್ ಆಗು ಎಂದು ಕರೆದವನು ಅವನು.

ಒಂದು ದಿನ ನೆಫ್, ಕೀಸ್‌ನ ಡಿಕ್ಟಾಫೋನನ್ನು ಕದ್ದು ಕೇಳುತ್ತಾನೆ. ಮೇಲಧಿಕಾರಿಗೆ ಕೀಸ್ ವರದಿ ಕೊಟ್ಟಿದ್ದಾನೆ: ನೆಫ್ ಮೇಲೆ ಅನುಮಾನ ಬೇಡ, ಅವನಿಗೆ ನಾನು ಜಾಮೀನು. ಅದನ್ನು ಕೇಳುವಾಗಿನ ಮೌನದ ಮುಂದೆ ಕೊಲೆಯ ದೃಶ್ಯ ಏನೂ ಅಲ್ಲ. ಕೊನೆಗೆ ಅವನು ತಪ್ಪೊಪ್ಪಿಕೊಳ್ಳುವುದೂ ಡಿಕ್ಟಾಫೋನ್ ಮುಂದೆಯೇ.

ಅಲ್ಲಿ ನನಗೆ ಅಪ್ಪ ನೆನಪಾದರು. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಪೇಪರ್ ಫೇಲಾಗಿದ್ದೆ. ಮನೆಯಲ್ಲಿ ‘ಎಲ್ಲಾ ಕ್ಲಿಯರ್’ ಎಂದಿದ್ದೆ. ಕೊಲೆಯೇನಲ್ಲ, ನಿಜ. ಆದರೆ ಅಪ್ಪ ಮಾರ್ಕ್ಸ್ ಕಾರ್ಡ್ ಕೇಳಲೇ ಇಲ್ಲ. ರಜೆಯಲ್ಲಿ ಮನೆಗೆ ಹೋದಾಗ, ಚಿಕ್ಕಪ್ಪನ ಜತೆ ಫೋನಿನಲ್ಲಿ ‘ನಮ್ಮ ಹುಡುಗಿ ಸುಳ್ಳು ಹೇಳೋಳಲ್ಲ ಬಿಡು’ ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನಿದ್ದೆ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಏಳು ಆಸ್ಕರ್ ನಾಮಿನೇಷನ್ ಪಡೆದ ಸಿನಿಮಾಗೆ ಒಂದೂ ಪ್ರಶಸ್ತಿ ಬರಲಿಲ್ಲ. ನೆಫ್‌ಗೆ ಮರಣದಂಡನೆಯಾಗುವ ದೃಶ್ಯವನ್ನೂ ವೈಲ್ಡರ್ ಚಿತ್ರೀಕರಿಸಿದ್ದರಂತೆ, ಆಮೇಲೆ ಕೈಬಿಟ್ಟರು. ಒಳ್ಳೆಯದೇ ಆಯಿತು. ಸಿನಿಮಾದುದ್ದಕ್ಕೂ ಕೀಸ್‌ನ ಸಿಗಾರಿಗೆ ಕಡ್ಡಿ ಗೀರುತ್ತಿದ್ದವನು ನೆಫ್. ಕೊನೆಯಲ್ಲಿ ಬಾಗಿಲ ಬಳಿ ಕುಸಿದುಬಿದ್ದ ಅವನ ಸಿಗರೇಟಿಗೆ ಕೀಸ್ ಕಡ್ಡಿ ಗೀರುತ್ತಾನೆ, ಎಲ್ಲ ತಿಳಿದ ಮೇಲೆ.

ಆ ಶನಿವಾರವೇ ಊರಿಗೆ ಬಸ್ ಹತ್ತಿದೆ. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪರೀಕ್ಷೆ ಫೀಸು ಎಷ್ಟು?’ ಎಂದರು.