ಶೇಂಗಾದ ಹೊಲದ ಕಸ

ಪುಣೆಯಲ್ಲಿ ದುಡಿಯುವ ನಮ್ಮ ವಾಚಕರಲ್ಲಿ ಗದಗ, ಧಾರವಾಡ, ವಿಜಾಪುರದ ಕಡೆಯವರು ಬಹಳ. ಊರಲ್ಲಿ ಎರಡು ಮೂರು ಎಕರೆ ಶೇಂಗಾ, ಇಲ್ಲಿ ಪಗಾರ; ಕಸ ತೆಗೆಸುವ ಕೂಲಿಯ ಹಣ ಇಲ್ಲಿಂದಲೇ ಹೋಗಬೇಕು. ಪಂಚಮಿಗೆ ಊರಿಗೆ ಹೋದಾಗ ಕೊಟ್ಟರಾಯಿತು ಎನ್ನುವವರುಂಟು. ನಾವೂ ಒಂದು ವರ್ಷ ಹಾಗೆಯೇ ಮಾಡಿ ಕೆಟ್ಟೆವು.

ಶೇಂಗಾ ಗಿಡ್ಡ ಬೆಳೆ. ಜೋಳದಂತೆ ಎತ್ತರ ಬೆಳೆದು ಕಸವನ್ನು ನೆರಳಿನಲ್ಲಿ ಅಡಗಿಸಲಾರದು. ಮೊದಲಿನ ಆರು ವಾರ ಕಸವು ಅದರ ನೀರು, ಗೊಬ್ಬರ ಎರಡನ್ನೂ ಕಸಿಯುತ್ತದೆ. ಇದಲ್ಲದೆ ಶೇಂಗಾಕ್ಕೆ ಇನ್ನೊಂದು ವಿಶೇಷವಿದೆ. ಬಿತ್ತಿದ 25-30 ದಿನಕ್ಕೆ ಹಳದಿ ಹೂ ಬರುತ್ತದೆ. ಹೂ ಬಾಡಿದ ಬಳಿಕ ಅದರ ಬುಡದಿಂದ ಸೂಜಿಯಂಥದೊಂದು ಹೊರಟು ನೆಲಕ್ಕೆ ಇಳಿಯುತ್ತದೆ. ಅದರ ತುದಿಯೇ ಮಣ್ಣೊಳಗೆ ಕಾಯಿಯಾಗುವುದು. ಆ ಸೂಜಿ ಇಳಿದ ಮೇಲೆ ಎಡೆಕುಂಟೆ ಹೊಡೆದರೆ ಅವೆಲ್ಲ ಹರಿದುಹೋಗುತ್ತವೆ. ಗಿಡ ಮಾತ್ರ ಮೇಲೆ ಹಸಿರಾಗಿಯೇ ಇರುತ್ತದೆ. ನಷ್ಟ ತಿಳಿಯುವುದು ಕೀಳುವ ದಿನ. ನಮ್ಮದು ಜೂನ್ ಮಧ್ಯದ ಬಿತ್ತನೆ. ಹಣ ಮುಟ್ಟಿದ್ದು ಆಗಸ್ಟಿನ ಪಂಚಮಿಗೆ. ಅವಸರದಲ್ಲಿ ಕುಂಟೆ ಹೊಡೆಸಿದೆವು. ಹೊಲ ನೋಡಲು ಚೊಕ್ಕವಾಯಿತು, ಕಾಯಿ ಗಿಡಕ್ಕೆ ನಾಲ್ಕೈದು. ತಾಯಿ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಆದುದರಿಂದ ಬಿತ್ತಿದ 20ನೆಯ ದಿನಕ್ಕೊಮ್ಮೆ, 35ನೆಯ ದಿನಕ್ಕೊಮ್ಮೆ ಎಡೆ ಹೊಡೆಸಿ, ಸಾಲಿನೊಳಗಿನ ಕಸವನ್ನು ಕೈಯಿಂದ ತೆಗೆಸಬೇಕು. 45 ದಿನ ದಾಟಿದರೆ ಕುಂಟೆ ಹೊಲಕ್ಕೆ ಇಳಿಯಕೂಡದು. ಉಳಿದ ದೊಡ್ಡ ಕಸವನ್ನು ಬೀಜ ಕಟ್ಟುವ ಮೊದಲೇ ಮೆಲ್ಲಗೆ ಕೀಳಿಸಬೇಕು. ಲೆಕ್ಕ ಹಾಕಿ ನೋಡಿರಿ: ಜೂನ್ 15ಕ್ಕೆ ಬಿತ್ತಿದ್ದರೆ ಮೊದಲ ಎಡೆ ಜುಲೈ 5ಕ್ಕೆ. ಜುಲೈ ಹುಟ್ಟುವುದರೊಳಗೆ ಹಣ ಊರಲ್ಲಿರಬೇಕು.

ಆಳು ಸಿಗದ ಕಡೆ ಪೆಂಡಿಮೆಥಾಲಿನ್ ಎಂಬ ಔಷಧವನ್ನು ಬಿತ್ತಿದ ಎರಡು ಮೂರು ದಿನದೊಳಗೆ, ನೆಲ ಹಸಿಯಿರುವಾಗಲೇ ಸಿಂಪಡಿಸುತ್ತಾರೆ. ಅದು ಮೊಳೆಯುವ ಬೀಜವನ್ನು ಕೊಲ್ಲುತ್ತದೆ, ಜೇಕನ್ನಲ್ಲ. ಜೇಕು ನೆಲದೊಳಗಿನ ಗಡ್ಡೆಯಿಂದ ಚಿಗುರುವುದು. ಮೇಲೆ ಕೊಯ್ದರೆ ನಾಲ್ಕು ದಿನಕ್ಕೆ ಮತ್ತೆ ತಲೆ ಎತ್ತುತ್ತದೆ. ಗಡ್ಡೆಸಹಿತ ಆರಿಸಿ ಹೊಲದ ಹೊರಗೆ ಹಾಕಬೇಕು.

ಇನ್ನು ಬದುವಿನ ಮೇಲಿನ ಕಾಂಗ್ರೆಸ್ ಕಸ. ಇಲ್ಲಿಯವರು ಗಾಜರ ಗವತ ಎನ್ನುವುದು ಇದನ್ನೇ. ಈ ಪಾರ್ಥೇನಿಯಂ ನಮ್ಮ ದೇಶಕ್ಕೆ ಹೊಸದೆಂದು 1956ರಲ್ಲಿ ದಾಖಲಾದದ್ದು ಇದೇ ಪುಣೆಯಿಂದ. ನಮಗಿಂತ ಮೊದಲೇ ಅದು ಇಲ್ಲಿಂದ ನಮ್ಮೂರು ಮುಟ್ಟಿದೆ! ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮೊದಲೇ ಬೇರುಸಹಿತ ಕೀಳಿಸಿರಿ. ಬರಿಗೈಯಿಂದ ಮುಟ್ಟಿದರೆ ಕೆಲವರಿಗೆ ತುರಿಕೆ ಏಳುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಲು ಮನೆಯವರಿಗೆ ತಿಳಿಸಿರಿ.