ಚಾಕುವಿಗೆ ಹತ್ತಿದ ಕೆಂಪು

ಅಡಿಕೆಗೆ ಕೊಳೆರೋಗ ಬೀಳುವ ಮಳೆಗಾಲದಲ್ಲಿ ಚನ್ನಗಿರಿ, ನ್ಯಾಮತಿ ಕಡೆಯ ತೋಟಗಳಲ್ಲಿ ಬೋರ್ಡೋ ದ್ರಾವಣ ಕಲಸುವವರನ್ನು ನೋಡಬೇಕು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಕಲಸಿ ಮುಗಿದ ಮೇಲೆ ಹೊಳೆಯುವ ಚಾಕುವೊಂದನ್ನು ಅದರಲ್ಲಿ ಅದ್ದಿ ಒಂದು ನಿಮಿಷ ಬಿಟ್ಟು ತೆಗೆಯುತ್ತಾರೆ. ಅಲಗಿಗೆ ಕೆಂಪು ಹತ್ತಿತ್ತೋ, ಸುಣ್ಣ ಸಾಲದು ಎಂದರ್ಥ. ಇನ್ನೊಂದು ಹಿಡಿ ಬೀಳುತ್ತದೆ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಈ ಮದ್ದನ್ನು ರೂಢಿಗೆ ತಂದ. ಚಾಕುವಿನ ಪರೀಕ್ಷೆ ಮಾತ್ರ ಇವತ್ತಿಗೂ ಯಾವ ಲ್ಯಾಬಿನ ಹಂಗೂ ಇಲ್ಲದೆ ನಡೆದಿದೆ.

ಆ ಕೆಂಪು ತಾಮ್ರದ್ದು. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ, ಅಲಗಿನ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅಲ್ಲೇ ಪದರವಾಗಿ ಕೂರುತ್ತದೆ; ಕಳೆದುಕೊಂಡ ಕಬ್ಬಿಣ ನೀರಿಗೆ ಕರಗುತ್ತದೆ. ವಿಷಲೋಹಗಳು ಮೈಯೊಳಗೆ ಮಾಡುವ ಹಾವಳಿಯೂ ಈ ಎಲೆಕ್ಟ್ರಾನ್ ಲೆಕ್ಕದ್ದೇ. ವ್ಯತ್ಯಾಸವಿಷ್ಟೆ: ಅಲ್ಲಿ ಕೆಂಪು ಕಾಣುವ ಅಲಗಿಲ್ಲ.

ನಾವು ಉಸಿರಾಡುವ ಆಮ್ಲಜನಕದಲ್ಲಿ ಚಿಕ್ಕದೊಂದು ಪಾಲು ಜೀವಕೋಶದೊಳಗೆ ಅರೆಬರೆ ಉರಿದು, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಪುಂಡ ಅಣುವಾಗುತ್ತದೆ. ಅದು ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಸಿಯುತ್ತದೆ: ಕೋಶದ ಪೊರೆಯ ಕೊಬ್ಬು, ಪ್ರೋಟೀನ್, ಕಡೆಗೆ ಡಿಎನ್‌ಎ. ಇದಕ್ಕೆ ದೇಹ ಕಾವಲು ಇಟ್ಟಿದೆ. ಗ್ಲುಟಾಥಯೋನ್ ಎಂಬ ಗಂಧಕವಿರುವ ಪುಟ್ಟ ಅಣು ತನ್ನದನ್ನೇ ಕೊಟ್ಟು ಪುಂಡರನ್ನು ತಣಿಸುತ್ತದೆ. ಕಾವಲಿಗಿಂತ ಪುಂಡರು ಹೆಚ್ಚಾದ ಸ್ಥಿತಿಗೆ ಉತ್ಕರ್ಷಣ ಒತ್ತಡ ಎಂದು ಹೆಸರು. ಹೆಸರು ಕಬ್ಬಿಣದ ಕಡಲೆ, ನಿಜ. ಒಳಗೆ ಹಿಡಿಯುವ ತುಕ್ಕು ಎಂದುಕೊಂಡರೂ ನಡೆದೀತು.

ಲೋಹಗಳು ಇಲ್ಲಿ ಎರಡು ದಾರಿಯಲ್ಲಿ ಕೈಹಾಕುತ್ತವೆ. ಕಬ್ಬಿಣ, ತಾಮ್ರಗಳು ದೇಹಕ್ಕೆ ಬೇಕಾದವೇ. ಮಿತಿ ಮೀರಿ ಬಿಡಿಯಾಗಿ ಉಳಿದರೆ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಅತಿ ಉಗ್ರವಾದ ಹೈಡ್ರಾಕ್ಸಿಲ್ ಅಣುವನ್ನು ಹುಟ್ಟಿಸುತ್ತವೆ. 1894ರಲ್ಲಿ ಹೆನ್ರಿ ಫೆಂಟನ್ ಬರೆದಿಟ್ಟ ಕ್ರಿಯೆ ಇದು. ಸೀಸ, ಪಾದರಸ, ಕ್ಯಾಡ್ಮಿಯಂ, ಅರೆಲೋಹವಾದ ಆರ್ಸೆನಿಕ್‌ಗಳದ್ದು ಕಳ್ಳದಾರಿ. ಅವು ಗಂಧಕಕ್ಕೆ ಅಂಟುವ ಜಾತಿ. ನೇರ ಕಾವಲುಗಾರನನ್ನೇ ಹಿಡಿದು ಕಟ್ಟಿಹಾಕುತ್ತವೆ. ಸೀಸವಂತೂ ರಕ್ತದ ಕೆಂಪು ತಯಾರಿಸುವ ಕಿಣ್ವವೊಂದರಲ್ಲಿ ಸತುವನ್ನು ದಬ್ಬಿ ತಾನು ಕೂರುತ್ತದೆ. ಕೆಲಸ ನಿಂತು, ಬಳಕೆಯಾಗದ ಕಚ್ಚಾವಸ್ತು ರಾಶಿ ಬಿದ್ದು, ಅದೂ ಪುಂಡ ಅಣುಗಳನ್ನು ಹಡೆಯುತ್ತದೆ. ಮಗು ಬಿಳಿಚಿಕೊಂಡಿತೆಂದು ಕಬ್ಬಿಣದ ಟಾನಿಕ್ ತರುತ್ತೇವೆ. ಸೀಸದ ಯೋಚನೆ ಯಾರಿಗೂ ಬರುವುದಿಲ್ಲ. ಬರಬೇಕು, ಯಾಕೆಂದರೆ ಕಬ್ಬಿಣ ಕಡಿಮೆಯಿರುವ ಮಗುವಿನ ಕರುಳು ಸೀಸವನ್ನು ಇನ್ನೂ ಹೆಚ್ಚು ಹೀರುತ್ತದೆ. ಎಲುಬಿಗೆ ಸೇರಿದ ಸೀಸ ದಶಕಗಟ್ಟಲೆ ಅಲ್ಲೇ ಉಳಿದು, ಹೆಣ್ಣು ಬಸುರಾದಾಗ ಮತ್ತೆ ರಕ್ತಕ್ಕಿಳಿಯುತ್ತದೆ.

ಇನ್ನು ನಮ್ಮ ನೆಲದ ಮಾತು. ಹೊನ್ನಾಳಿ–ನ್ಯಾಮತಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿಗಳಲ್ಲಿ 19ನೇ ಶತಮಾನದ ಕೊನೆಗೆ ಚಿನ್ನಕ್ಕಾಗಿ ನೆಲ ತೋಡಿದ್ದರು. ಚಿನ್ನದ ಬಂಡೆಯಲ್ಲಿ ಅನೇಕ ಕಡೆ ಆರ್ಸೆನಿಕ್ ಜೊತೆಗೇ ಇರುತ್ತದೆ. ಹಿರಿಯರು ಪಾಷಾಣ ಎನ್ನುತ್ತಿದ್ದದ್ದು ಅದನ್ನೇ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಹಳೆಯ ಚಿನ್ನದ ಗಣಿಯ ಪಕ್ಕದ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರು ಕುಡಿದವರ ಅಂಗೈ, ಅಂಗಾಲುಗಳಲ್ಲಿ ಗಂಟುಗಳೆದ್ದವು, ಮೈಯಲ್ಲಿ ಕಪ್ಪುಬಿಳಿ ಚುಕ್ಕೆ ಮೂಡಿದವು. ಕೋಲ್ಕತ್ತದ ದೀಪಂಕರ್ ಚಕ್ರವರ್ತಿ ಅವರ ತಂಡ ಇದರ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿತು. ಅಲ್ಲಿದ್ದದ್ದು ಇಲ್ಲೂ ಇದೆ ಎಂದು ಹೇಳಿದರೆ ತಪ್ಪು. ಆದರೆ ಇಲ್ಲಿನ ನೀರನ್ನೊಮ್ಮೆ ನೋಡಿಸುವುದಕ್ಕೆ ಅಷ್ಟು ಕಾರಣ ಸಾಕು.

ಜಗಳೂರಿನ ಕತೆ ಬೇರೆ. ಕೊಳವೆಬಾವಿ ಆಳಕ್ಕಿಳಿದಂತೆ ಫ್ಲೋರೈಡ್ ಮೇಲೆದ್ದಿತು. ಅದು ಲೋಹವಲ್ಲ, ಆದರೂ ಇದೇ ಒಳತುಕ್ಕನ್ನು ಹಚ್ಚುತ್ತದೆ. ಮಕ್ಕಳ ಹಲ್ಲಿನ ಕಂದುಗೆರೆ ಎಲ್ಲರ ಕಣ್ಣಿಗೂ ಬಿತ್ತು. ಅದಕ್ಕೇ ಶುದ್ಧ ನೀರಿನ ಘಟಕಗಳು ಬಂದವು, ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಗೆ ಜನರೇ ದನಿಯೆತ್ತಿದರು. ಕಂಡದ್ದಕ್ಕೆ ಮದ್ದು ಸಿಕ್ಕಿತು. ಸೀಸಕ್ಕೆ ಅಂಥ ಕಂದುಗೆರೆ ಇಲ್ಲದ್ದೇ ಅದರ ಬಲ.

ವಿಜಯಪುರದ ಬಿಎಲ್‌ಡಿಇ ವಿಶ್ವವಿದ್ಯಾಲಯದ ಕುಸಲ್ ದಾಸ್ ಅವರು ಇಲಿಗಳಿಗೆ ನಿಕ್ಕಲ್ ಕೊಟ್ಟು, ಜೊತೆಗೆ ವಿಟಮಿನ್ ಸಿ ಕೊಟ್ಟಾಗ ಉತ್ಕರ್ಷಣ ಒತ್ತಡ ತಗ್ಗುವುದನ್ನು ತೋರಿಸಿದ್ದಾರೆ. ಇದನ್ನು ಓದಿ ಅಂಗಡಿಗೆ ಮಾತ್ರೆ ತರಲು ಓಡಬೇಡಿ. ನಲ್ಲಿ ತಿರುಗಿಸದೆ ನೆಲ ಒರೆಸಿದಂತಾದೀತು. ನೆಲ್ಲಿಕಾಯಿ, ನುಗ್ಗೆಸೊಪ್ಪು ತಿನ್ನಿ, ಒಳ್ಳೆಯದೇ. ಲೋಹ ಬರುವ ದಾರಿಯನ್ನು ಮೊದಲು ಮುಚ್ಚಿ. ಕಲಾಯಿ ಮಾಡಿಸುವಾಗ ಸೀಸ ಬೆರೆಯದ ತವರವೇ ಎಂದು ಕೇಳಿ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಇಡಬೇಡಿ ಎಂದ ಅಜ್ಜಿಗೆ ಫೆಂಟನ್ ಗೊತ್ತಿರಲಿಲ್ಲ, ಕಿಲುಬು ಗೊತ್ತಿತ್ತು. ಭತ್ತ ನಿಂತ ನೀರಿನಲ್ಲಿ ಬೆಳೆಯುವುದರಿಂದ ಮಣ್ಣಿನ ಆರ್ಸೆನಿಕ್ಕನ್ನು ಉಳಿದ ಧಾನ್ಯಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಒಳ್ಳೆಯ ನೀರನ್ನು ಧಾರಾಳವಾಗಿಟ್ಟು ಅನ್ನ ಬಸಿದರೆ ಅದರಲ್ಲೊಂದು ಪಾಲು ಗಂಜಿಯೊಂದಿಗೆ ಹೋಗುತ್ತದೆ. ಕುಕ್ಕರಿನಲ್ಲಿ ಆ ಅನುಕೂಲವಿಲ್ಲ. ಬ್ಯಾಟರಿ ಬಿಚ್ಚುವ, ಬಣ್ಣ ಕೆರೆಯುವ ಕೆಲಸದವರು ಮೈಬಟ್ಟೆ ಬದಲಿಸಿ ಮನೆಗೆ ಹೋಗಲಿ. ಮಗುವಿನ ರಕ್ತದ ಸೀಸ ಅಳೆಯಿಸಬೇಕಾದರೆ ವೈದ್ಯರನ್ನು ಕೇಳಲಿ.

ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐವರು ಹೆಣ್ಣುಮಕ್ಕಳಿಗೆ ನೀರಿನ ಪರೀಕ್ಷೆ ಕಲಿಸಿ, ಕೈಗೆ ಕಿಟ್ ಕೊಡುವ ಏರ್ಪಾಡಿದೆ. ಅದರಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ ನೋಡಬಹುದು; ಸೀಸವನ್ನು ನೋಡಲು ಸಾಮಾನ್ಯವಾಗಿ ಆಗದು, ಅದಕ್ಕೆ ದೊಡ್ಡ ಲ್ಯಾಬು ಬೇಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಸೀಸಕ್ಕೂ ಆರ್ಸೆನಿಕ್‌ಗೂ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ಕೊಳವೆಬಾವಿಯ ಈ ಎರಡು ಅಂಕಿಯನ್ನು ಕೇಳಿ. ಅಳತೆಯೇ ಆಗಿಲ್ಲವೆಂದರೆ, ಅಳೆಯಿಸಿ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ.